ಜೋಡಿ ಸರಿ ಕೂತರೂ ಸೋಲು ತಪ್ಪದ ಆಟ

ಆನ್‌ಲೈನ್ ಶೂಟರ್ ಆಟಗಳಲ್ಲಿ ಯಾರೆದುರು ಯಾರನ್ನು ಇಳಿಸಬೇಕೆಂದು ತೀರ್ಮಾನಿಸುವ ವ್ಯವಸ್ಥೆಯೇ ಮ್ಯಾಚ್‌ಮೇಕಿಂಗ್. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಜಾತ್ರೆ ಕುಸ್ತಿಗಳಲ್ಲಿ ಈ ಕೆಲಸ ಹಿರಿಯರದು. ವಯಸ್ಸು, ಮೈಕಟ್ಟು ನೋಡಿ ಜೋಡಿ ಹಚ್ಚುತ್ತಾರೆ. ಮೊಬೈಲಿನಲ್ಲಿ ಅದನ್ನು ಮಾಡುವುದು ಅಂಕಗಳ ಲೆಕ್ಕ.

ಲೆಕ್ಕ ಬಂದದ್ದು ಚದುರಂಗದಿಂದ. ಅರ್ಪಾಡ್ ಎಲೊ ರೂಪಿಸಿದ ರೇಟಿಂಗ್ ಪದ್ಧತಿಯನ್ನು ಅಂತರರಾಷ್ಟ್ರೀಯ ಚದುರಂಗ ಒಕ್ಕೂಟ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ತಂಡದ ಆಟಗಳಿಗೆಂದು ಮೈಕ್ರೋಸಾಫ್ಟ್ ರೂಪಿಸಿದ ಟ್ರೂಸ್ಕಿಲ್, ಆಟಗಾರನ ಕೌಶಲದ ಜೊತೆಗೆ ಆ ಅಂದಾಜು ಎಷ್ಟು ಖಚಿತ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿತು.

ಮೊಬೈಲಿನ ಶೂಟರ್ ಆಟ ಪಬ್‌ಜಿ ಮೊಬೈಲ್ ಭಾರತದಲ್ಲಿ 2020ರ ಸೆಪ್ಟೆಂಬರಿನಲ್ಲಿ ನಿಷೇಧವಾಯಿತು. 2021ರ ಜುಲೈಯಲ್ಲಿ ಬಂದ ಅದರ ಭಾರತೀಯ ರೂಪ ಬಿಜಿಎಂಐ ಮರುವರ್ಷ ಮರೆಯಾಗಿ 2023ರ ಮೇಯಲ್ಲಿ ಮರಳಿತು. ಇಂಥ ಆಟದಲ್ಲಿ ನೂರು ಜನ, ನಾಲ್ವರ ಸ್ಕ್ವಾಡ್ ಆದರೆ 25 ತಂಡ, ಗೆಲ್ಲುವುದು ಒಂದೇ. ಎಲ್ಲರೂ ಸಮಬಲರಾದರೆ ಒಂದು ತಂಡ 25 ಆಟಕ್ಕೆ ಸರಾಸರಿ ಒಮ್ಮೆ ಗೆದ್ದೀತು. ಹುಡುಗರು ಸಿಟ್ಟಾಗುವುದರಲ್ಲಿ ಅಚ್ಚರಿಯಿಲ್ಲ. ನ್ಯಾಯವಾದ ಜೋಡಿಯೇ ಇಷ್ಟು ಸೋಲು ಉಣಿಸುತ್ತದೆ.

ಸಿಟ್ಟು ಹೆಚ್ಚಿಸುವುದು ಬಾಟ್. ಯಂತ್ರವೇ ಆಡಿಸುವ ಈ ಆಟಗಾರರನ್ನು ಕೆಳಹಂತದ ಪಂದ್ಯಗಳಿಗೆ ತುಂಬಲಾಗುತ್ತದೆ. ಬಾಟ್ ಬಯಲಲ್ಲಿ ನೆಟ್ಟಗೆ ಓಡಿಬರುತ್ತದೆ, ಮರೆ ಹಿಡಿಯುವುದಿಲ್ಲ, ಹತ್ತಿರದಿಂದ ಹೊಡೆದರೂ ಗುಂಡು ಪಕ್ಕಕ್ಕೆ ಹೋಗುತ್ತದೆ. ಹೆಸರು ಮಾತ್ರ ಮನುಷ್ಯರದಂತೆ. ಆದ್ದರಿಂದ ಹೊಸಬ ಮೊದಲ ದಿನವೇ ಹತ್ತು ಕಿಲ್ ಹೊಡೆದು ‘ಚಿಕನ್ ಡಿನ್ನರ್’, ಅಂದರೆ ಮೊದಲ ಸ್ಥಾನ, ಗೆದ್ದು, ತಾನು ಪಳಗಿದೆ ಎಂದುಕೊಳ್ಳುತ್ತಾನೆ. ಬ್ರಾಂಝ್, ಸಿಲ್ವರ್ ಹಂತ ದಾಟಿ ಮೇಲೇರಿದಂತೆ ಬಾಟ್ ಕಡಿಮೆಯಾಗಿ ನಿಜವಾದ ಕೈಗಳು ಎದುರಾಗುತ್ತವೆ. ವಿಮಾನದಿಂದ ಹಾರಿ ಇಳಿದ ಕೂಡಲೇ ಆಟ ಮುಗಿಯುತ್ತದೆ. ಕಂಪ್ಯೂಟರಿನ ಪಬ್‌ಜಿಗೂ 2020ರಲ್ಲಿ ಬಾಟ್ ಬಂತು. ಅನುಭವಿಗಳ ನಡುವೆ ಹೊಸಬರು ಬದುಕುಳಿಯುತ್ತಿಲ್ಲವೆಂಬುದು ಕಾರಣ. ಕಾರಣ ಒಪ್ಪುವಂಥದ್ದೇ, ಮರೆಮಾಚುವುದು ಒಪ್ಪುವಂಥದ್ದಲ್ಲ. ಹೆಸರಿನ ಪಕ್ಕ ಒಂದು ಗುರುತಿದ್ದರೆ ಹುಡುಗನಿಗೆ ತನ್ನ ನಿಜವಾದ ಮಟ್ಟ ಮೊದಲೇ ತಿಳಿಯುತ್ತಿತ್ತು.

ಕೌಶಲ ನೋಡದೆ ಜೋಡಿಸಿದರೆ ಆಟ ಹಗುರವಾಗುತ್ತದೆ ಎಂಬ ವಾದ ಪಳಗಿದವರದು. ಕಾಲ್ ಆಫ್ ಡ್ಯೂಟಿಯ ಆಕ್ಟಿವಿಷನ್ ಇದನ್ನು ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿತು. ಕೌಶಲದ ತೂಕ ಇಳಿಸಿದಾಗ ಬಹುಪಾಲು ಆಟಗಾರರು ಮರಳುವುದು ಕಡಿಮೆಯಾಯಿತು. ಮೊದಲು ಬಿಟ್ಟುಹೋದವರು ದುರ್ಬಲರು. ಅವರು ಹೋದರೆ ಮಧ್ಯಮರೇ ಕೆಳಗಿನವರಾಗುತ್ತಾರೆ.

ಕೌಶಲವೊಂದನ್ನೇ ನೋಡಿ ಜೋಡಿಸಲೂ ಆಗದು. ಪಿಂಗ್, ಅಂದರೆ ಸರ್ವರ್‌ಗೆ ಹೋಗಿ ಬರುವ ವಿಳಂಬ, ಕಾಯುವ ಹೊತ್ತು ಎರಡನ್ನೂ ತೂಗಬೇಕು. ಅಪರಾತ್ರಿ ಆಡುವವರು ಕಡಿಮೆ. ಸಮಬಲದವರು ಸಿಗದಿದ್ದಾಗ ಲೆಕ್ಕ ಹುಡುಕಾಟದ ವ್ಯಾಪ್ತಿ ಹಿಗ್ಗಿಸಿ, ಸಿಕ್ಕವರನ್ನೇ ಕೂಡಿಸುತ್ತದೆ. ನೆಟ್‌ವರ್ಕ್ ತಡವರಿಸುವ ಊರಿನ ಹುಡುಗ ತಡವಾಗಿ ತಲುಪಿದ ಗುಂಡಿನಿಂದ ಸೋತರೂ ಅಂಕ ಇಳಿಯುವುದು ಅವನದೇ.