ರಾಶಿಯ ಧೂಳು ಮತ್ತು ನಮ್ಮ ಎದೆಗೂಡು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ದೀಪಾವಳಿಯ ಆಸುಪಾಸಿಗೆ ಗೋವಿನಜೋಳದ ರಾಶಿ ಭರದಿಂದ ನಡೆಯುತ್ತದೆ. ಮಶಿನ್ನಿಗೆ ತೆನೆ ಹಾಕುವವರು ಮೈಮೇಲಿನ ಧೂಳನ್ನು ಸಂಜೆ ಸ್ನಾನ ಮಾಡಿ ತೊಳೆದುಕೊಳ್ಳುತ್ತಾರೆ. ಉಸಿರಿನೊಂದಿಗೆ ಒಳಗೆ ಹೋದ ಧೂಳಿನ ಗತಿಯೇನು? ಇದನ್ನು ತಿಳಿಯಲು ಎದೆಗೂಡಿನ ರಚನೆಯನ್ನು ಸ್ವಲ್ಪ ನೋಡಬೇಕು.

ಎದೆಗೂಡಿನಲ್ಲಿ 12 ಜೊತೆ ಪಕ್ಕೆಲುಬುಗಳಿವೆ. ಇವೆಲ್ಲ ಹಿಂದೆ ಬೆನ್ನೆಲುಬಿಗೆ ಕೂಡಿವೆ. ಮುಂದೆ ಮೇಲಿನ 7 ಜೊತೆ ನೇರವಾಗಿ ಎದೆಯೆಲುಬಿಗೆ ಸೇರಿದರೆ, ಕೊನೆಯ 2 ಜೊತೆ ಎಲ್ಲಿಗೂ ಸೇರದೆ ಬಿಡಿಯಾಗಿರುತ್ತವೆ. ಗೂಡಿನ ತಳದಲ್ಲಿ ಗುಮ್ಮಟದಂತೆ ಉಬ್ಬಿದ ಸ್ನಾಯುವಿನ ಪರದೆಯಿದೆ. ಇದಕ್ಕೆ ವಪೆ ಎನ್ನುವರು. ಶ್ವಾಸಕೋಶವು ತಾನಾಗಿ ಗಾಳಿಯನ್ನು ಎಳೆದುಕೊಳ್ಳಲಾರದು. ವಪೆ ಕೆಳಗಿಳಿದು ಪಕ್ಕೆಲುಬುಗಳು ಮೇಲೆದ್ದಾಗ ಗೂಡು ಹಿಗ್ಗುತ್ತದೆ, ಗಾಳಿ ಒಳಗೆ ನುಗ್ಗುತ್ತದೆ. ಕಮ್ಮಾರನ ತಿದಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಮ್ಮನೆ ಕುಳಿತಾಗ ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ ಸಾಕು. ಚೀಲ ಹೊರುವಾಗ ಇದರ ಹಲವು ಪಟ್ಟು ಬೇಕು. ಅಂದರೆ ಹೆಚ್ಚು ದುಡಿದವನು ಹೆಚ್ಚು ಧೂಳನ್ನೂ ಕುಡಿಯುತ್ತಾನೆ.

ಬಲ ಶ್ವಾಸಕೋಶಕ್ಕೆ ಮೂರು ಪಾಲು, ಎಡದ್ದಕ್ಕೆ ಎರಡು. ಎಡಗಡೆ ಹೃದಯಕ್ಕೆ ಜಾಗ ಬೇಕಲ್ಲ! ಶ್ವಾಸನಾಳವು ಎದೆಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಬಲಗವಲು ಹೆಚ್ಚು ಅಗಲ, ಹೆಚ್ಚು ನೇರ. ಚಿಕ್ಕ ಮಕ್ಕಳು ಶೇಂಗಾ ಬೀಜ ನುಂಗಲು ಹೋಗಿ ಅದು ಉಸಿರಿನ ದಾರಿಗೆ ಬಿದ್ದರೆ ಬಹಳ ಸಲ ಬಲಗಡೆಯೇ ಸಿಕ್ಕಿಕೊಳ್ಳುವುದು ಇದಕ್ಕಾಗಿ. ಕವಲುಗಳು ಮತ್ತೆ ಮತ್ತೆ ಒಡೆದು ಕೊನೆಗೆ ಕೋಟಿಗಟ್ಟಲೆ ಸಣ್ಣ ಗಾಳಿಚೀಲಗಳಲ್ಲಿ ಮುಗಿಯುತ್ತವೆ. ಅವುಗಳನ್ನೆಲ್ಲ ಬಿಚ್ಚಿ ಹರವಿದರೆ ಸುಮಾರು 70 ಚದರ ಮೀಟರ್, ಒಂದು ಸಣ್ಣ ಕಣದಷ್ಟು ಜಾಗವಾದೀತು. ಇಲ್ಲಿಯೇ ಆಮ್ಲಜನಕ ರಕ್ತಕ್ಕೆ ಸೇರುವುದು, ಇಂಗಾಲದ ಡೈಆಕ್ಸೈಡ್ ಹೊರಬೀಳುವುದು.

ದೊಡ್ಡ ಧೂಳನ್ನು ಮೂಗಿನ ಕೂದಲು, ಸಿಂಬಳ ತಡೆಯುತ್ತವೆ. ಅದನ್ನು ದಾಟಿದ್ದು ನಾಳದ ಒಳಗಿನ ಲೋಳೆಗೆ ಅಂಟುತ್ತದೆ. ಅಲ್ಲಿರುವ ಸೂಕ್ಷ್ಮ ರೋಮಗಳು ಲೋಳೆಯನ್ನು ಗಂಟಲಿನತ್ತ ತಳ್ಳುತ್ತವೆ. ಮರುದಿನ ಕೆಮ್ಮಿದಾಗ ಕಪ್ಪು ಕಫ ಬರುವುದು ಈ ಕೆಲಸದ ಗುರುತು. ಬೀಡಿಯ ಹೊಗೆ ಈ ರೋಮಗಳನ್ನೇ ಕೆಡಿಸುತ್ತದೆ. ರಾಶಿ ಮಾಡುತ್ತ ಬೀಡಿ ಸೇದುವುದು, ಕಾವಲುಗಾರನನ್ನು ಮಲಗಿಸಿ ಕಳ್ಳನನ್ನು ಕರೆದಂತೆ.

ಆದರೆ 5 ಮೈಕ್ರಾನಿಗಿಂತ ಚಿಕ್ಕ ಕಣಗಳು ಗಾಳಿಚೀಲದವರೆಗೂ ಇಳಿಯುತ್ತವೆ. ಬೂಷ್ಟು ಹಿಡಿದ ಮೇವು, ಕಾಳು, ಕಬ್ಬಿನ ಸಿಪ್ಪೆಯಿಂದ ಏಳುವ ಬೀಜಾಣುಗಳಲ್ಲಿ ಬಹಳಷ್ಟು ಈ ಗಾತ್ರದವೇ. ಇವುಗಳಿಂದ ಕೆಲವರಿಗೆ ಬರುವ ಬೇನೆಯನ್ನು 1932ರಲ್ಲಿ ಇಂಗ್ಲೆಂಡಿನಲ್ಲಿ ವೈದ್ಯರು ವಿವರಿಸಿದರು. ಅದಕ್ಕೆ ರೈತರ ಶ್ವಾಸಕೋಶ ರೋಗವೆಂದೇ ಹೆಸರು. ಹಳೆಯ ಸಿಪ್ಪೆಯಿಂದ ಬರುವುದಕ್ಕೆ ಬಗಾಸೋಸಿಸ್ ಎನ್ನುತ್ತಾರೆ. ಕಬ್ಬಿನ ಸೀಮೆಯವರಾದ ನಮಗೆ ಇದು ಗೊತ್ತಿರಬೇಕು. ಬೂಷ್ಟಿನಲ್ಲಿ ಕೆಲಸ ಮಾಡಿದ 4ರಿಂದ 8 ತಾಸಿನ ನಂತರ ಚಳಿಜ್ವರ, ಒಣಕೆಮ್ಮು, ಮೈಕೈನೋವು, ಏದುಸಿರು ಕಾಣುತ್ತವೆ. ಧೂಳಿನಿಂದ ದೂರವಿದ್ದರೆ ಒಂದೆರಡು ದಿನದಲ್ಲಿ ಇಳಿಯುತ್ತವೆ. ರೋಗಿ ಸಾದಾ ಜ್ವರವೆಂದು ಸೂಜಿ ಹಾಕಿಸಿಕೊಂಡು ಮತ್ತೆ ಅದೇ ಕೆಲಸಕ್ಕೆ ಹೋಗುತ್ತಾನೆ. ವರ್ಷಗಟ್ಟಲೆ ಹೀಗಾದರೆ ಗಾಳಿಚೀಲದ ಗೋಡೆ ಗಾಯದ ಕಲೆಯಂತೆ ಗಟ್ಟಿಯಾಗಬಹುದು. ಆ ಹಾನಿ ಹಿಂದಿರುಗದು. ಆದ್ದರಿಂದ ವೈದ್ಯರಿಗೆ ಜ್ವರದ ಜೊತೆಗೆ ಆ ದಿನ ಮಾಡಿದ ಕೆಲಸವನ್ನೂ ತಪ್ಪದೆ ಹೇಳಬೇಕು.

ಕಾಳನ್ನು ತೇವಾಂಶ 12 ಪ್ರತಿಶತಕ್ಕೆ ಇಳಿಯುವಂತೆ ಒಣಗಿಸಿ ಕೂಡಿಟ್ಟರೆ ಬೂಷ್ಟು ಹತ್ತದು. ಮಶಿನ್ ಹೂಡುವಾಗ ಧೂಳು ಕೆಲಸಗಾರರಿಂದ ಆಚೆಗೆ ಹಾರುವಂತೆ ಗಾಳಿಯ ದಿಕ್ಕು ನೋಡಿಕೊಳ್ಳಬೇಕು. ಮುಖಕ್ಕೆ ಕಟ್ಟಿದ ಟವೆಲ್ಲು ಹೊಟ್ಟನ್ನು ತಡೆಯುತ್ತದೆಯೇ ಹೊರತು ಬೀಜಾಣುಗಳನ್ನಲ್ಲ. ಅದಕ್ಕೆ ಎನ್-95 ಮುಖಗವಚ ಬೇಕು, ಅದೂ ಅಂಚಿನಲ್ಲಿ ಸಂದಿಲ್ಲದಂತೆ ಕೂಡಬೇಕು.

ಹಗೇವು ಇನ್ನೂ ಬಳಸುವವರಿಗೆ ಒಂದು ಮಾತು. ಮುಚ್ಚಿದ ಹಗೇವಿನಲ್ಲಿ ಕಾಳು, ಬೂಷ್ಟು ಎರಡೂ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ. ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಲ್ಲುತ್ತದೆ. ಅಲ್ಲಿ ಇಳಿದವನ ಎದೆಗೂಡು ಎಷ್ಟು ಹಿಗ್ಗಿದರೂ ರಕ್ತಕ್ಕೆ ಸಿಗುವುದೇನೂ ಇಲ್ಲ. ಕೂಗುವ ಮೊದಲೇ ಎಚ್ಚರ ತಪ್ಪಬಹುದು. ಕಂದೀಲು ಇಳಿಬಿಟ್ಟು ನೋಡುವುದು ಹಳೆಯ ರೂಢಿ. ದೀಪ ಆರಿದರೆ ಇಳಿಯಲೇಬಾರದು, ಆರದಿದ್ದರೆ ಅಪಾಯವಿಲ್ಲವೆಂದೂ ನಂಬಬಾರದು. ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಡಬೇಕು. ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಎಳೆಯಲು ಗಟ್ಟಿಮುಟ್ಟಾದ ಜನ ಇರಬೇಕು. ಒಳಗಿದ್ದವನು ಕುಸಿದರೆ ಅಣ್ಣನಾಗಲಿ ಮಗನಾಗಲಿ ಅವನ ಹಿಂದೆ ಧುಮುಕಬಾರದು. ಹಗ್ಗ ಎಳೆಯಿರಿ, 112ಕ್ಕೆ ಫೋನ್ ಮಾಡಿ ಅಗ್ನಿಶಾಮಕದವರನ್ನು ಕರೆಯಿರಿ.