ಮುಕ್ಕಾಲು ಡಾಲರ್ ತಾಳೆಯಾಗದ ಲೆಕ್ಕ

ಸಂಜೆ ಕಿರ್ದಿ ಕೂಡದಿದ್ದರೆ ಉದಗೀರದ ಅಡತಿ ಅಂಗಡಿಯ ಗುಮಾಸ್ತನಿಗೆ ಸಮಾಧಾನವಿರುವುದಿಲ್ಲ. ತಪ್ಪಿದ್ದು ಎಂಟಾಣೆಯಾದರೂ ಮೇಲಿನಿಂದ ಮತ್ತೆ ಕೂಡಬೇಕು. ಕಂಪ್ಯೂಟರ್ ಕಳ್ಳರ ಒಂದು ದೊಡ್ಡ ಜಾಲ ಸಿಕ್ಕಿಬಿದ್ದದ್ದು ಇಂಥದೇ ಹಟದಿಂದ.

1986ರ ಆಗಸ್ಟ್. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಬಳಕೆಯ ಲೆಕ್ಕ 75 ಸೆಂಟ್ ತಾಳೆಯಾಗಲಿಲ್ಲ. ಹುಡುಕುವ ಕೆಲಸ ಕ್ಲಿಫರ್ಡ್ ಸ್ಟೋಲ್ ಅವರಿಗೆ ಬಂತು. ಹೊರಗಿನವನೊಬ್ಬ ಒಳನುಸುಳಿದ್ದ ಸುಳಿವು ಸಿಕ್ಕಿತು. ಅವರು ಕಲಿತದ್ದು ಖಗೋಳ ವಿಜ್ಞಾನ. ಆಕಾಶ ನೋಡುವವರಿಗೆ ಕಂಡದ್ದನ್ನು ಕಂಡ ಗಳಿಗೆಯಲ್ಲೇ ವೇಳೆ ಸಮೇತ ಬರೆದಿಡುವ ರೂಢಿ. ಸ್ಟೋಲ್ ಇಲ್ಲಿಯೂ ಹಾಗೇ ಮಾಡಿದರು. ಹೊರಗಿನ ಫೋನ್ ತಂತಿಗಳಿಗೆಲ್ಲ ಪ್ರಿಂಟರ್ ಜೋಡಿಸಿ, ನುಸುಳುಕೋರ ಒತ್ತಿದ ಒಂದೊಂದು ಕೀಲಿಯನ್ನೂ ಕಾಗದಕ್ಕಿಳಿಸಿದರು. ದಿನಚರಿ ತುಂಬುತ್ತ ಹೋಯಿತು. ತಿಂಗಳುಗಟ್ಟಲೆ ಬೆನ್ನು ಹತ್ತಿದ ಮೇಲೆ ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್ ಮುಟ್ಟಿತು. ಅಲ್ಲಿನ ಮಾರ್ಕುಸ್ ಹೆಸ್ ಮತ್ತು ಸಂಗಡಿಗರು ಕದ್ದ ಮಾಹಿತಿಯನ್ನು ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಗೆ ಮಾರುತ್ತಿದ್ದರು. 1990ರಲ್ಲಿ ಅವರ ಅಪರಾಧ ಸಾಬೀತಾಯಿತು.

ಸೈಬರ್ ಭದ್ರತೆ ಕಲಿಯುವ ವಿದ್ಯಾರ್ಥಿ ಸ್ಟೋಲ್ ಅವರಿಂದ ಮೊದಲು ಕಲಿಯಬೇಕಾದದ್ದು ಆ ದಿನಚರಿಯನ್ನೇ.

ಇದನ್ನು ರೂಢಿಸಿಕೊಳ್ಳುವ ಪ್ರಯೋಗಕ್ಕೆ ದುಬಾರಿ ಲ್ಯಾಬ್ ಬೇಕಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ ಕಂಪ್ಯೂಟರಿನೊಳಗೆ ಮತ್ತೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್ ತಂತ್ರಾಂಶ ಹಾಕಿ, ಅದರೊಳಗೆ ಮೆಟಾಸ್ಪ್ಲಾಯ್ಟಬಲ್ ಎಂಬ, ಕಲಿಕೆಗೆಂದೇ ಬೇಕಂತಲೇ ದುರ್ಬಲವಾಗಿ ಕಟ್ಟಿದ ಯಂತ್ರವನ್ನು ಇಂಟರ್ನೆಟ್ಟಿಗೆ ತಾಗದಂತೆ ನಡೆಸಬಹುದು. ಯಾವ ಆವೃತ್ತಿ, ಯಾವ ಕಮಾಂಡ್, ಎಷ್ಟು ಗಂಟೆಗೆ, ಏನು ಉತ್ತರ ಬಂತು, ಎಲ್ಲಿ ಸೋತೆ ಎಂಬುದೆಲ್ಲ ವಹಿಯಲ್ಲಿರಬೇಕು. ಸೋತದ್ದನ್ನು ಬಿಟ್ಟು ಗೆದ್ದದ್ದನ್ನಷ್ಟೇ ಬರೆದರೆ ಮುಂದಿನ ತಿಂಗಳು ಅದೇ ಗುಂಡಿಗೆ ಮತ್ತೆ ಬೀಳುವುದು ಖಂಡಿತ.

ಬರೆದಿಟ್ಟದ್ದನ್ನು ಆಮೇಲೆ ಯಾರೂ ತಿದ್ದಿಲ್ಲವೆಂದು ತೋರಿಸುವುದು ಹೇಗೆ? ಅದಕ್ಕೆ ಹ್ಯಾಶ್ ಇದೆ. ಎಸ್‌ಎಚ್‌ಎ-256 ಎಂಬ ಗಣಿತವಿಧಾನ ಯಾವುದೇ ಫೈಲನ್ನು ನುಂಗಿ 64 ಅಕ್ಷರಗಳ ಬೆರಳಚ್ಚು ಕೊಡುತ್ತದೆ. ಇಡೀ ಪುಸ್ತಕದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಬೆರಳಚ್ಚು ಗುರುತೇ ಸಿಗದಷ್ಟು ಬೇರೆಯಾಗುತ್ತದೆ. ಇದು ಬರೀ ಲ್ಯಾಬಿನ ಆಟವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಕೋರ್ಟಿಗೆ ಕೊಡುವ ಡಿಜಿಟಲ್ ಸಾಕ್ಷ್ಯದ ಪ್ರಮಾಣಪತ್ರದಲ್ಲಿ ಹ್ಯಾಶ್ ನಮೂದಿಸಬೇಕು.

ಹಂತಹಂತವಾಗಿ ಬರೆದಿಡುವುದರ ಬೆಲೆಗೆ ಇನ್ನೊಂದು ಉದಾಹರಣೆಯಿದೆ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಆನಂದ್ ಪ್ರಕಾಶ್ 2016ರಲ್ಲಿ ಫೇಸ್‌ಬುಕ್ಕಿನ ಒಂದು ದೋಷ ಹಿಡಿದರು. ಪಾಸ್‌ವರ್ಡ್ ಮರೆತವರಿಗೆ ಬರುವ ಆರಂಕಿ ಕೋಡ್‌ಗೆ 10 ಲಕ್ಷ ಸಾಧ್ಯತೆಗಳಿವೆ. ಹತ್ತು ಹನ್ನೆರಡು ಸಲ ತಪ್ಪಿದರೆ ಮುಖ್ಯ ತಾಣ ಬಾಗಿಲು ಹಾಕುತ್ತಿತ್ತು, ಪರೀಕ್ಷೆಗಿಟ್ಟಿದ್ದ ಬೀಟಾ ತಾಣ ಹಾಕುತ್ತಿರಲಿಲ್ಲ. ಸೆಕೆಂಡಿಗೆ ಸಾವಿರದಂತೆ ಊಹಿಸುವ ಯಂತ್ರಕ್ಕೆ 10 ಲಕ್ಷವೆಂದರೆ 17 ನಿಮಿಷದ ಕೆಲಸ! ಅವರು ತಮ್ಮದೇ ಖಾತೆಯ ಮೇಲೆ ಪ್ರಯೋಗಿಸಿ, ಹಂತಹಂತವಾಗಿ ಬರೆದು ಕಂಪನಿಗೆ ತಿಳಿಸಿದರು. ದೋಷ ಮರುದಿನವೇ ಸರಿಹೋಯಿತು, ಅವರಿಗೆ 15,000 ಡಾಲರ್ ಬಹುಮಾನ ಬಂತು.

ಇಲ್ಲಿ ‘ತಮ್ಮದೇ ಖಾತೆ’ ಎಂಬ ಮಾತು ಮುಖ್ಯ. ಕಲಿಕೆಯ ಹೆಸರಿನಲ್ಲಿ ಪಂಚಾಯತಿ ಕಂಪ್ಯೂಟರನ್ನೋ ಕಾಲೇಜಿನ ಸರ್ವರನ್ನೋ ಅನುಮತಿಯಿಲ್ಲದೆ ಕೆದಕುವುದು ಕಾನೂನಿಗೆ ವಿರುದ್ಧ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ, ಅಪ್ರಾಮಾಣಿಕ ಇಲ್ಲವೆ ವಂಚನೆಯ ಉದ್ದೇಶವಿದ್ದರೆ, ಮೂರು ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಅಕಸ್ಮಾತ್ತಾಗಿ ದೋಷ ಕಣ್ಣಿಗೆ ಬಿದ್ದರೆ, 2004ರಿಂದ ಕೆಲಸ ಮಾಡುತ್ತಿರುವ ಕೇಂದ್ರ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸುವ ದಾರಿಯಿದೆ.

ಮತ್ತೆ ವಹಿಯ ಮಾತಿಗೆ ಬಂದರೆ, ಮಹಾರಾಷ್ಟ್ರದ ವಲಾಂಡಿ, ನಿಲಂಗಾ, ಉಮರ್ಗಾ ಕಡೆಯ ಕನ್ನಡ ಮನೆಗಳ ಮಕ್ಕಳು ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಮರಾಠಿ, ಕಂಪ್ಯೂಟರಿನೆದುರು ಇಂಗ್ಲಿಷ್ ಎಂದು ಮೂರು ನುಡಿಗಳ ನಡುವೆ ಕಲಿಯುವವರು. ಕಮಾಂಡ್ ಇಂಗ್ಲಿಷಿನಲ್ಲೇ ಇರಲಿ. ಅದು ಯಾಕೆ ಕೆಲಸ ಮಾಡಿತು, ಯಾಕೆ ಮಾಡಲಿಲ್ಲ ಎಂಬುದನ್ನು ಅವರು ಮನೆಮಾತಿನಲ್ಲೇ ಬರೆದಿಡಲಿ. ಪಾಸ್‌ವರ್ಡ್ ಮಾತ್ರ ಆ ವಹಿಯಲ್ಲಿ ಎಂದೂ ಬರೆಯದಿರಲಿ.