ಬಾಡಿಗೆ ಸೈಕಲ್ಲಿನ ಸವೆತದ ಲೆಕ್ಕ

ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರು. ಈ ದೂರವನ್ನು ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಕ್ರಮಿಸಿ ಪ್ರತಿದಿನವೂ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ಅನೇಕರಿದ್ದಾರೆ. ಅವರಿಗೆ ತೊಡಕಾಗುವುದು ಈ 26 ಕಿಲೋಮೀಟರಲ್ಲ. ನಿಲ್ದಾಣದಲ್ಲಿ ಇಳಿದ ಮೇಲೆ ಟಿಳಕವಾಡಿಯ ಕಡೆಗೋ ಕ್ಯಾಂಪಿನ ಕಡೆಗೋ ಉಳಿಯುವ ಕೊನೆಯ ಎರಡು ಮೂರು ಕಿಲೋಮೀಟರು. ನಡೆದರೆ ಮೊದಲನೆಯ ತಾಸು ತಪ್ಪುತ್ತದೆ. ದಿನವೂ ರಿಕ್ಷಾ ಮಾಡುವಷ್ಟು ಹಣ ವಿದ್ಯಾರ್ಥಿಯ ಕಿಸೆಯಲ್ಲಿ ಇರುವುದಿಲ್ಲ. ನಿಲ್ದಾಣದ ಹೊರಗೆ ಒಂದು ಸೈಕಲ್ಲು ಕಾದು ನಿಂತಿದ್ದು, ಅಲ್ಪ ಬಾಡಿಗೆಗೆ ಅದನ್ನು ಏರಿ ಹೋಗಿ, ಕಾಲೇಜಿನ ಹತ್ತಿರದ ಇನ್ನೊಂದು ತಂಗುಕಟ್ಟೆಯಲ್ಲಿ ಬಿಟ್ಟುಬಿಡುವಂತಿದ್ದರೆ ಎಷ್ಟು ಅನುಕೂಲ! 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲಿ ಬೆಳಗಾವಿಯ ಹೆಸರು ಬಂದಂದಿನಿಂದ ಈ ವಿಚಾರ ನಮ್ಮ ಊರಿನಲ್ಲಿ ಕೇಳಿಬರುತ್ತಿದೆ.

ವಿಚಾರವೇನೂ ಹೊಸದಲ್ಲ. 1965ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಕೆಲವು ತರುಣರು ಸೈಕಲ್ಲುಗಳಿಗೆ ಬಿಳಿಯ ಬಣ್ಣ ಬಳಿದು, ಬೀಗ ಹಾಕದೆ, ಯಾರು ಬೇಕಾದರೂ ಬಳಸಲೆಂದು ಬೀದಿಯಲ್ಲಿಟ್ಟರು. ಬೀಗವಿಲ್ಲದ ಸೈಕಲ್ಲು ಕಾನೂನಿಗೆ ವಿರುದ್ಧವೆಂದು ಪೊಲೀಸರು ಅವುಗಳನ್ನು ಎತ್ತಿಕೊಂಡು ಹೋದರು. 1995ರಲ್ಲಿ ಕೋಪನ್‌ಹೇಗನ್ನಿನಲ್ಲಿ ನಾಣ್ಯ ಹಾಕಿ ಬಿಡಿಸಿಕೊಳ್ಳುವ ಸೈಕಲ್ಲು ಬಂದಿತು. 2007ರ ಜುಲೈಯಲ್ಲಿ ಪ್ಯಾರಿಸ್ಸು ಸಾವಿರಗಟ್ಟಲೆ ಸೈಕಲ್ಲುಗಳೊಡನೆ ‘ವೆಲಿಬ್’ ಯೋಜನೆಯನ್ನು ಆರಂಭಿಸಿತು. ನಮ್ಮ ರಾಜ್ಯದಲ್ಲಿ 2017ರ ಜೂನ್ ತಿಂಗಳಲ್ಲಿ ಮೈಸೂರಿನ ‘ಟ್ರಿಣ್ ಟ್ರಿಣ್’ 450 ಸೈಕಲ್ಲುಗಳೊಡನೆ ಪ್ರಾರಂಭವಾಯಿತು.

ಇಂಥ ಯೋಜನೆಗಳ ಉದ್ಘಾಟನೆಯ ದಿನ ಪತ್ರಿಕೆಗಳಲ್ಲಿ ಅಚ್ಚಾಗುವುದು ಸೈಕಲ್ಲುಗಳ ಸಂಖ್ಯೆ ಮತ್ತು ಕೊಂಡ ಬೆಲೆ. ಆದರೆ ಯೋಜನೆಯ ಆಯುಷ್ಯವನ್ನು ನಿರ್ಧರಿಸುವುದು ಈ ಎರಡೂ ಅಲ್ಲ. ಕೊಂಡ ಮರುದಿನದಿಂದ ಸದ್ದಿಲ್ಲದೆ ಮೊದಲಾಗುವ ಸವೆತ, ತುಕ್ಕು, ಸಡಿಲಿಕೆ, ಮತ್ತು ಅವುಗಳನ್ನು ಸರಿಪಡಿಸುವ ಖರ್ಚು ಅದನ್ನು ನಿರ್ಧರಿಸುತ್ತವೆ. ಪ್ಯಾರಿಸ್ಸಿನಲ್ಲಿ ಎರಡೇ ವರ್ಷಗಳಲ್ಲಿ ಮೊದಲಿನ ಸೈಕಲ್ಲುಗಳ ಬಹುಭಾಗ ಕಳುವಾಗಿಯೋ ಜಖಂಗೊಂಡೋ ಹೋಗಿ, ಬದಲಿ ಸೈಕಲ್ಲುಗಳನ್ನು ತರಿಸಬೇಕಾಯಿತು. ಕಳ್ಳತನದ ಮಾತನ್ನು ಸಮಾಜಶಾಸ್ತ್ರಜ್ಞರಿಗೆ ಬಿಡೋಣ. ಕಳ್ಳನೂ ಇಲ್ಲದೆ, ಪುಂಡನೂ ಇಲ್ಲದೆ, ಸಭ್ಯರೇ ಸವಾರಿ ಮಾಡಿದರೂ ಸೈಕಲ್ಲು ಹೇಗೆ ಹಾಳಾಗುತ್ತದೆ ಎಂಬುದು ಭೌತಶಾಸ್ತ್ರದ ಪ್ರಶ್ನೆ.

ಮೊದಲು ಸರಪಣಿಯನ್ನು ನೋಡೋಣ. ಸೈಕಲ್ಲಿನ ಸರಪಣಿಯಲ್ಲಿ ಒಂದು ಕೀಲಿನಿಂದ ಮುಂದಿನ ಕೀಲಿಗೆ ಅರ್ಧ ಅಂಗುಲ, ಎಂದರೆ 12.7 ಮಿಲಿಮೀಟರು. ಹಳೆಯ ಸರಪಣಿ ‘ಹಿಗ್ಗಿದೆ’ ಎಂದು ನಾವು ಅನ್ನುತ್ತೇವಷ್ಟೆ. ವಾಸ್ತವವಾಗಿ ಉಕ್ಕಿನ ಪಟ್ಟಿಗಳು ಹಿಗ್ಗಿರುವುದಿಲ್ಲ. ಪ್ರತಿಯೊಂದು ಕೀಲಿನ ಮೊಳೆಯೂ ಅದರ ತೂತೂ ಒಂದನ್ನೊಂದು ತಿಕ್ಕಿ ಸವೆದು, ನಡುವೆ ಸಂದು ಬಿದ್ದಿರುತ್ತದೆ. ಎಲ್ಲ ಸಂದುಗಳೂ ಕೂಡಿ ಸರಪಣಿ ಉದ್ದವಾದಂತೆ ತೋರುತ್ತದೆ. ನೂರಕ್ಕೆ ಒಂದರಷ್ಟು ಉದ್ದವಾಯಿತೆಂದರೆ ಅದನ್ನು ತೆಗೆದುಹಾಕುವ ಕಾಲ ಬಂದಿತೆಂದು ತಿಳಿಯಬೇಕು. ಅಂದರೆ ಒಂದೊಂದು ಕೀಲಿನಲ್ಲಿ ಸವೆದದ್ದು 0.127 ಮಿಲಿಮೀಟರು.

ಇಷ್ಟು ಸವೆಯಲು ಎಷ್ಟು ಸಲ ತಿಕ್ಕಬೇಕು? ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವ್ಹೀಲಿಗೆ 18 ಹಲ್ಲು, ಗಾಲಿಯ ಸುತ್ತಳತೆ 2.2 ಮೀಟರು ಎಂದು ಇಟ್ಟುಕೊಳ್ಳೋಣ. ಒಂದು ಕಿಲೋಮೀಟರಿಗೆ ಗಾಲಿ ಸುಮಾರು 455 ಸುತ್ತು ಉರುಳುತ್ತದೆ. ಪೆಡಲ್ಲು ಸುಮಾರು 186 ಸುತ್ತು ತಿರುಗುತ್ತದೆ. 110 ಕೊಂಡಿಗಳ ಸರಪಣಿ ಆ ಒಂದು ಕಿಲೋಮೀಟರಿನಲ್ಲಿ ಸುಮಾರು 75 ಪ್ರದಕ್ಷಿಣೆ ಮಾಡುತ್ತದೆ. ಒಂದು ಪ್ರದಕ್ಷಿಣೆಯಲ್ಲಿ ಪ್ರತಿಯೊಂದು ಕೀಲೂ ನಾಲ್ಕು ಸಲ ಮಣಿಯುತ್ತದೆ: ಮುಂದಿನ ಚಕ್ರವನ್ನು ಹತ್ತುವಾಗ, ಇಳಿಯುವಾಗ, ಹಿಂದಿನದನ್ನು ಹತ್ತುವಾಗ, ಇಳಿಯುವಾಗ. ಹೀಗೆ ಕಿಲೋಮೀಟರಿಗೆ 300 ಮಣಿತ. ಸರಪಣಿ 3,000 ಕಿಲೋಮೀಟರು ಬಾಳಿತೆಂದರೆ 9 ಲಕ್ಷ ಮಣಿತ. 0.127 ಮಿಲಿಮೀಟರನ್ನು 9 ಲಕ್ಷದಿಂದ ಭಾಗಿಸಿ ನೋಡಿರಿ: ಒಂದು ಮಣಿತಕ್ಕೆ ಸರಾಸರಿ ಸವೆತ, ಒಂದು ಮೀಟರಿನ ಸಾವಿರ ಕೋಟಿಯ ಒಂದೂವರೆ ಭಾಗಕ್ಕೂ ಕಡಿಮೆ. ಕಬ್ಬಿಣದ ಒಂದು ಪರಮಾಣುವಿನ ವ್ಯಾಸ ಇದಕ್ಕಿಂತ ದೊಡ್ಡದು! ನಿಜವಾಗಿ ಲೋಹವು ಹೀಗೆ ಪರಮಾಣುವಿನ ಲೆಕ್ಕದಲ್ಲಿ ಉದುರುವುದಿಲ್ಲ. ಕಣಕಣವಾಗಿ, ಆಗೊಮ್ಮೆ ಈಗೊಮ್ಮೆ ಕಿತ್ತುಬರುತ್ತದೆ. ಆದರೂ ಸರಾಸರಿ ಇಷ್ಟು ಸೂಕ್ಷ್ಮವಾಗಿರುವುದರಿಂದಲೇ, ಅಲ್ಪಸ್ವಲ್ಪ ಧೂಳು ಸೇರಿದರೂ ಸರಪಣಿಯ ಆಯುಷ್ಯ ಅರ್ಧಕ್ಕೆ ಇಳಿಯುವುದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಭಾಗದ ಧೂಳು ಸಾಮಾನ್ಯವಾದುದಲ್ಲ. ಖಾನಾಪುರದಿಂದ ಜಾಂಬೋಟಿಯ ಕಡೆಗೆ ಹೋದವರಿಗೆ ಆ ಕೆಂಪು ಜಂಬಿಟ್ಟಿಗೆಯ ಮಣ್ಣು ಗೊತ್ತು. ಮಣ್ಣಿನಲ್ಲಿ ಬೆರೆತಿರುವ ಬೆಣಚುಕಲ್ಲಿನ ಹರಳು ಕಾಠಿಣ್ಯದ ಮಾನದಲ್ಲಿ 7ನೆಯ ಸ್ಥಾನದಲ್ಲಿದೆ. ಸಾಧಾರಣ ಉಕ್ಕು ಅದಕ್ಕಿಂತ ಮೃದು. ಎಣ್ಣೆ ಹಚ್ಚಿದ ಸರಪಣಿಗೆ ಈ ಧೂಳು ಅಂಟಿಕೊಂಡಿತೆಂದರೆ, ಸಾಣೆ ಹಿಡಿಯಲು ಬಳಸುವ ಲೇಪದಂಥ ಪದಾರ್ಥವೊಂದು ಕೀಲುಗಳೊಳಗೆ ಸಿದ್ಧವಾಗುತ್ತದೆ. ಆದುದರಿಂದ ಧೂಳನ್ನು ಒರೆಸದೆ ಮೇಲಿಂದ ಮೇಲೆ ಎಣ್ಣೆ ಸುರಿಯುವುದು ಆರೈಕೆಯಲ್ಲ. ಎಣ್ಣೆಗೆ ಕೊಟ್ಟ ಹಣವೂ ಸವೆತಕ್ಕೆ ಸಹಾಯ ಮಾಡಿದಂತಾಗುತ್ತದೆ.

ಇನ್ನು ಮಳೆ. ಬೆಳಗಾವಿಯಲ್ಲಿ ವರ್ಷಕ್ಕೆ ಸುಮಾರು 50 ಅಂಗುಲ ಮಳೆ; ಖಾನಾಪುರದಲ್ಲಿ ಅದಕ್ಕೂ ಹೆಚ್ಚು; ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಬೆಳಗಾವಿಯ ಎರಡು ಪಟ್ಟಿಗೂ ಮಿಕ್ಕಿ. ಇದರ ಬಹುಭಾಗ ಜೂನಿನಿಂದ ಸಪ್ಟೆಂಬರಿನವರೆಗೆ ಸುರಿಯುತ್ತದೆ. ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಎರಡೂ ಬೇಕೆಂದು ಶಾಲೆಯಲ್ಲಿ ಓದಿದ್ದೀರಿ. ಆದರೆ ನೀರಿನ ಒಂದು ಹನಿಯೇ ಒಂದು ಪುಟ್ಟ ವಿದ್ಯುತ್ಕೋಶವೆಂಬುದನ್ನು ಕೇಂಬ್ರಿಜ್ಜಿನ ಯು. ಆರ್. ಈವಾನ್ಸ್ ಎಂಬ ವಿಜ್ಞಾನಿ ತೋರಿಸಿಕೊಟ್ಟ ರೀತಿ ಬಹಳ ಸೊಗಸಾಗಿದೆ. ಉಜ್ಜಿ ಶುಚಿಗೊಳಿಸಿದ ಕಬ್ಬಿಣದ ತಗಡಿನ ಮೇಲೆ ಉಪ್ಪುನೀರಿನ ಒಂದು ಹನಿಯನ್ನಿಟ್ಟು, ಅದರಲ್ಲಿ ಮೊದಲೇ ಫಿನಾಲ್ಫ್ತಲೀನನ್ನೂ ಪೊಟ್ಯಾಸಿಯಂ ಫೆರಿಸಯನೈಡನ್ನೂ ತುಸು ಬೆರೆಸಿದ್ದರೆ, ಸ್ವಲ್ಪ ಹೊತ್ತಿನಲ್ಲಿ ಹನಿಯ ನಡುವೆ ನೀಲಿಯೂ ಅಂಚಿನಲ್ಲಿ ಗುಲಾಬಿಯೂ ಕಾಣುತ್ತವೆ. ಅಂಚಿಗೆ ಗಾಳಿಯ ಆಮ್ಲಜನಕ ಸುಲಭವಾಗಿ ತಲಪುತ್ತದೆ, ನಡುವಿಗೆ ತಲಪುವುದಿಲ್ಲ. ಆಮ್ಲಜನಕದ ಕೊರತೆಯಿರುವ ನಡುವಿನಲ್ಲಿಯೇ ಕಬ್ಬಿಣವು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ. ಸೈಕಲ್ಲಿನಲ್ಲಿ ಇಂಥ ಸ್ಥಳಗಳಾವುವು? ಕೀಲುಗಳ ಒಳಭಾಗ, ನಟ್ಟಿನ ಅಡಿ, ಬ್ರೇಕಿನ ತಂತಿಯ ಕವಚದ ಒಳಗೆ, ಅಂದರೆ ಕಣ್ಣಿಗೆ ಕಾಣದ ಸಂದುಗಳು. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗೆ ಕರಗುವಿಕೆ ನಡೆದಿರುತ್ತದೆ. ಮಳೆಯಲ್ಲಿ ನೆನೆದು, ಬಿಸಿಲಿಗೆ ಒಣಗಿ, ಮತ್ತೆ ನೆನೆಯುವ ಸೈಕಲ್ಲಿಗೆ ಇದು ಇನ್ನೂ ಕೇಡು. ಮನೆಯ ಸೈಕಲ್ಲು ರಾತ್ರಿ ಪಡಸಾಲೆಯಲ್ಲಿ ಮಲಗುತ್ತದೆ. ಬಾಡಿಗೆಯ ಸೈಕಲ್ಲಿಗೆ ಬಯಲೇ ಮನೆ.

ಗಾಲಿಯ ಕಡ್ಡಿಗಳ ವಿಷಯ ಬೇರೆ. ಗಾಲಿ ಒಂದು ಸುತ್ತು ಉರುಳುವಾಗ ಪ್ರತಿಯೊಂದು ಕಡ್ಡಿಯ ಬಿಗುವೂ, ಅದು ನೆಲದ ಕಡೆಗೆ ಬಂದ ಕ್ಷಣದಲ್ಲಿ ಒಮ್ಮೆ ಇಳಿದು ಮತ್ತೆ ಏರುತ್ತದೆ. 6,000 ಕಿಲೋಮೀಟರಿನಲ್ಲಿ ಹೀಗೆ 27 ಲಕ್ಷ ಸಲ. ಲೋಹವು ಒಮ್ಮೆ ತಡೆಯಬಲ್ಲ ಭಾರಕ್ಕಿಂತ ಎಷ್ಟೋ ಕಡಿಮೆಯ ಭಾರವನ್ನು ಲಕ್ಷಾಂತರ ಸಲ ಹೊತ್ತು ಇಳಿಸಿದರೆ ಬಿರುಕುಬಿಟ್ಟು ಮುರಿಯುತ್ತದೆ. ಇದನ್ನು ಲೋಹದ ದಣಿವು ಎನ್ನುತ್ತಾರೆ. ಬಿಗಿಯಾಗಿರುವ ಕಡ್ಡಿ ಬೇಗ ಮುರಿಯುತ್ತದೆಂದು ನಮಗೆ ತೋರುವುದು ಸಹಜ. ಆದರೆ ಸಂಗತಿ ತಿರುಗುಮುರುಗು. ಎಲ್ಲ ಕಡ್ಡಿಗಳೂ ಸಮನಾಗಿ ಬಿಗಿದಿದ್ದರೆ ಭಾರ ಹಂಚಿಹೋಗುತ್ತದೆ. ಒಂದು ಸಡಿಲವಾದರೆ ಅದು ಪ್ರತಿ ಸುತ್ತಿನಲ್ಲಿಯೂ ಪೂರ್ಣ ಜೋತುಬಿದ್ದು ಮತ್ತೆ ಜಗ್ಗಿಸಿಕೊಳ್ಳುತ್ತ, ಬಾಗಿದ ಕುತ್ತಿಗೆಯಲ್ಲಿ ದಣಿದು ಮುರಿಯುತ್ತದೆ. ಅದರ ಪಾಲಿನ ಭಾರವನ್ನು ಹೊತ್ತ ನೆರೆಯ ಕಡ್ಡಿಗಳೂ ಬೇಗನೆ ದಣಿಯುತ್ತವೆ. ಹತ್ತು ನಿಮಿಷ ಕುಳಿತು ಕಡ್ಡಿ ಬಿಗಿಯುವ ಕೆಲಸವನ್ನು ತಪ್ಪಿಸಿದರೆ, ಕೆಲವು ತಿಂಗಳ ಮೇಲೆ ಇಡೀ ಗಾಲಿಯನ್ನೇ ಕಟ್ಟಿಸಬೇಕಾಗುತ್ತದೆ.

ಇವೆಲ್ಲ ಯಾವ ಸೈಕಲ್ಲಿಗಾದರೂ ಆಗುವಂಥವು. ಹಾಗಾದರೆ ಬಾಡಿಗೆಯ ಸೈಕಲ್ಲಿನ ವಿಶೇಷವೇನು? ಮೊದಲನೆಯದು ಓಟದ ಪ್ರಮಾಣ. ದಿನಕ್ಕೆ 6 ಕಿಲೋಮೀಟರಿನಂತೆ ವರ್ಷದಲ್ಲಿ 200 ದಿನ ಶಾಲೆಗೆ ಹೋಗುವ ಹುಡುಗನ ಸೈಕಲ್ಲು 1,200 ಕಿಲೋಮೀಟರು ಓಡಿದರೆ, ದಿನಕ್ಕೆ ಐದು ಸವಾರರನ್ನು ಮೂರು ಮೂರು ಕಿಲೋಮೀಟರು ಒಯ್ಯುವ ಬಾಡಿಗೆಯ ಸೈಕಲ್ಲು 300 ದಿನಗಳಲ್ಲಿ 4,500 ಕಿಲೋಮೀಟರು ಓಡುತ್ತದೆ. ಅವನಿಗೆ ಎರಡೂವರೆ ವರ್ಷ ಬರುವ ಸರಪಣಿ ಇಲ್ಲಿ ಎಂಟು ತಿಂಗಳಿಗೆ ಮುಗಿಯಿತು.

ಎರಡನೆಯದು ಇದಕ್ಕಿಂತ ಮುಖ್ಯವಾದುದು: ಸೈಕಲ್ಲಿನ ನರಳಿಕೆಯನ್ನು ಕೇಳುವ ಕಿವಿ ಇಲ್ಲಿ ಇಲ್ಲ. 2006–07ರಲ್ಲಿ ಆರಂಭವಾಗಿ ಅನೇಕ ವರ್ಷ ನಡೆದ ಸರ್ಕಾರದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ದೊರೆಯುತ್ತಿದ್ದುವು. ಖಾನಾಪುರ ತಾಲೂಕಿನಂಥ ಕಾಡುಹಳ್ಳಿಗಳ ಮಕ್ಕಳಿಗೆ ಅದರ ಬೆಲೆ ಏನೆಂಬುದನ್ನು ಹೇಳಬೇಕಾಗಿಲ್ಲ. ಅಂಥ ಸೈಕಲ್ಲಿಗೆ ಒಬ್ಬಳೇ ಒಡತಿ. ನಿನ್ನೆ ಇಲ್ಲದ ‘ಕಟಕಟ’ ಸಪ್ಪಳ ಇಂದು ಬಂದರೆ ಅವಳಿಗೆ ಕೂಡಲೇ ತಿಳಿಯುತ್ತದೆ. ಬಾಡಿಗೆಯ ಸೈಕಲ್ಲನ್ನು ಹದಿನೈದು ನಿಮಿಷ ತುಳಿದು ಬಿಟ್ಟುಹೋಗುವವನಿಗೆ ಅದರ ನಿನ್ನೆಯ ಸಪ್ಪಳ ಹೇಗೆ ಗೊತ್ತಾಗಬೇಕು?

ನಮ್ಮ ಊರುಗಳಲ್ಲಿ ಹಿಂದೆ ತಾಸಿಗೆ ಇಷ್ಟೆಂದು ಬಾಡಿಗೆಗೆ ಸೈಕಲ್ಲು ಕೊಡುವ ಅಂಗಡಿಗಳಿದ್ದುವು. ಅಂಗಡಿಯವನು ಮರಳಿ ಬಂದ ಸೈಕಲ್ಲಿನ ಗಾಲಿಯನ್ನು ಒಮ್ಮೆ ತಿರುಗಿಸಿ, ಟಾಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ ಮೇಲೆಯೇ ಹಣ ಎಣಿಸಿಕೊಳ್ಳುತ್ತಿದ್ದ. ಪ್ರತಿ ಸವಾರಿಗೂ ಒಂದು ತಪಾಸಣೆ, ಅದೂ ಬಿಟ್ಟಿ. ದುರಸ್ತಿಯ ಪೆಟ್ಟಿಗೆಯೂ ಅಲ್ಲಿಯೇ. ಎಲ್ಲಿ ಬೇಕಾದರೂ ಬಿಡಬಹುದಾದ ಇಂದಿನ ಏರ್ಪಾಡಿನಲ್ಲಿ ಆ ಹೆಬ್ಬೆರಳು ಕಾಣೆಯಾಗಿದೆ. ಅದರ ಬದಲು ಒಬ್ಬ ಆಳು ವಾಹನದಲ್ಲಿ ಕಟ್ಟೆಯಿಂದ ಕಟ್ಟೆಗೆ ತಿರುಗಬೇಕು. ಪಂಕ್ಚರಿನ ತೇಪೆಗೆ ಹತ್ತು ರೂಪಾಯಿಯೂ ಆಗುವುದಿಲ್ಲ. ಆ ತೇಪೆ ಸೈಕಲ್ಲಿನ ಬಳಿಗೆ ಬರುವ ಖರ್ಚೇ ದೊಡ್ಡದು.

ಇಲ್ಲಿ ಒಂದು ಸರಳ ಗಣಿತವಿದೆ. 300 ಸೈಕಲ್ಲುಗಳಿವೆ, ಒಂದೊಂದೂ ತಿಂಗಳಿಗೊಮ್ಮೆ ಕೆಡುತ್ತದೆ ಎಂದು ಕಲ್ಪಿಸಿಕೊಳ್ಳಿರಿ. ದಿನಕ್ಕೆ ಹತ್ತು ಕೆಡುತ್ತವೆ. ಕೆಟ್ಟದ್ದು ಮೂರು ದಿನದಲ್ಲಿ ಸರಿಹೋದರೆ ಯಾವ ದಿನ ನೋಡಿದರೂ 30 ಸೈಕಲ್ಲು ಮೂಲೆಯಲ್ಲಿರುತ್ತವೆ. ಒಂಬತ್ತು ದಿನ ಹಿಡಿದರೆ 90. ಕೆಡುವ ವೇಗ ಬದಲಾಗಿಲ್ಲ, ಬಿಡಿಭಾಗಗಳ ಬೆಲೆ ಏರಿಲ್ಲ. ವಿಳಂಬವೊಂದರಿಂದಲೇ ಅರವತ್ತು ಸೈಕಲ್ಲುಗಳನ್ನು ಕಳೆದುಕೊಂಡಂತಾಯಿತು. ಉಳಿದವುಗಳ ಮೇಲೆ ಸವಾರರ ಒತ್ತಡ ಹೆಚ್ಚಿ ಅವೂ ಬೇಗ ಕೆಡತೊಡಗುತ್ತವೆ.

ಇನ್ನೊಂದು ವಿಚಿತ್ರವೂ ಉಂಟು. ಕಟ್ಟೆಯಲ್ಲಿ ಹತ್ತು ಸೈಕಲ್ಲಿದ್ದು, ಎರಡು ಕೆಟ್ಟಿವೆಯೆನ್ನಿ. ಬೆಳಗಿನ ರೈಲಿನಿಂದ ಇಳಿದ ಏಳು ಜನ ಒತ್ತಿ ನೋಡಿ ಒಳ್ಳೆಯ ಏಳನ್ನು ಒಯ್ದರು. ಎಂಟನೆಯವನಿಗೆ ಕಾಣುವುದು ಮೂರು, ಅವುಗಳಲ್ಲಿ ಎರಡು ಕೆಟ್ಟವು. ಹತ್ತರಲ್ಲಿ ಎರಡು ಕೆಟ್ಟಿದ್ದರೂ ಅವನ ದೃಷ್ಟಿಯಲ್ಲಿ ಮೂರರಲ್ಲಿ ಎರಡು ಕೆಟ್ಟಿವೆ. ಜರಡಿ ಹಿಡಿದಂತೆ ಸವಾರರೇ ಒಳ್ಳೆಯದನ್ನು ಸೋಸಿ ಒಯ್ದು ಕೆಟ್ಟದ್ದನ್ನು ಉಳಿಸುತ್ತಾರೆ. ತಡವಾಗಿ ಬರುವ ಖಾನಾಪುರದ ವಿದ್ಯಾರ್ಥಿ ಎರಡು ಸಲ ಹೀಗೆ ಮೋಸಹೋದರೆ ಮೂರನೆಯ ಸಲ ಕಟ್ಟೆಯ ಕಡೆಗೆ ತಲೆಹಾಕುವುದಿಲ್ಲ. ಸವಾರರು ಕಡಿಮೆಯಾದಾಗ ಖರ್ಚೂ ಕಡಿಮೆಯಾಗಬೇಕಲ್ಲವೆ? ಆಗುವುದಿಲ್ಲ. ಮಳೆ, ತುಕ್ಕು, ಟ್ಯೂಬಿನ ರಬ್ಬರಿನ ಮೂಲಕ ತಾನಾಗಿ ನುಸುಳಿಹೋಗುವ ಗಾಳಿ, ಇವು ಸವಾರನಿಗಾಗಿ ಕಾಯುವುದಿಲ್ಲ. ಉದಾಹರಣೆಗಾಗಿ, ಓಡಲಿ ಬಿಡಲಿ ಒಂದು ಸೈಕಲ್ಲಿಗೆ ತಿಂಗಳಿಗೆ 300 ರೂಪಾಯಿ, ಓಡಿದ ಪ್ರತಿ ಕಿಲೋಮೀಟರಿಗೆ 50 ಪೈಸೆ ಎಂದು ಇಟ್ಟುಕೊಂಡರೆ, ತಿಂಗಳಿಗೆ ಮೂರು ಕಿಲೋಮೀಟರಿನ 150 ಸವಾರಿಯಾದಾಗ ಒಂದು ಸವಾರಿಗೆ ಬೀಳುವ ಖರ್ಚು ಮೂರೂವರೆ ರೂಪಾಯಿ. ಹದಿನೈದೇ ಸವಾರಿಯಾದರೆ ಇಪ್ಪತ್ತೊಂದೂವರೆ.

ಯಂತ್ರಶಿಲ್ಪಿಗಳು ಇದಕ್ಕೆ ಉಪಾಯ ಹುಡುಕದೆ ಇಲ್ಲ. 2016ರಲ್ಲಿ ಚೀನದಲ್ಲಿ ಹೊರಟ ‘ಮೊಬೈಕ್’ ಸೈಕಲ್ಲಿನ ಮೊದಲ ಮಾದರಿಗೆ ಸರಪಣಿಯೇ ಇರಲಿಲ್ಲ, ಅದರ ಬದಲು ದಂಡವಿತ್ತು, ಟಾಯರು ಗಾಳಿಯಿಲ್ಲದ್ದು. ಪಂಕ್ಚರು ಇಲ್ಲ, ಸರಪಣಿಯ ಸವೆತವಿಲ್ಲ. ಆದರೆ ತೂಕ ಸುಮಾರು 25 ಕಿಲೋಗ್ರಾಮು, ಮೇಲಾಗಿ ಗಾಳಿಯಿಲ್ಲದ ಟಾಯರು ಉರುಳಲು ಹೆಚ್ಚು ಬಲವನ್ನು ಬೇಡುತ್ತದೆ. ದುರಸ್ತಿಯ ಖರ್ಚನ್ನು ಸವಾರನ ತೊಡೆಗಳಿಗೆ ವರ್ಗಾಯಿಸಿದಂತಾಯಿತು. ಏರುಪೇರಿನ ಬೆಳಗಾವಿಯ ರಸ್ತೆಗಳಿಗೆ ಅದು ಒಗ್ಗುವ ಉಪಾಯವೆಂದು ನನಗೆ ತೋರುವುದಿಲ್ಲ. ಸರಪಣಿಯ ಸೈಕಲ್ಲೇ ಇರಲಿ. ಅಳೆಯುವ ಅಭ್ಯಾಸವಿದ್ದರೆ ಸಾಕು. ಹೊಸ ಸರಪಣಿಯ 24 ಕೊಂಡಿಗಳು ಒಂದು ಅಡಿ ಪಟ್ಟಿಗೆ ಸರಿಯಾಗಿ ಹೊಂದುತ್ತವೆ. ಒಂದಡಿಯ ಮೇಲೆ ಮೂರು ಮಿಲಿಮೀಟರು ಹೆಚ್ಚಾಗಿದ್ದರೆ ಅದು ಆಗಲೇ ಫ್ರೀವ್ಹೀಲಿನ ಹಲ್ಲುಗಳನ್ನು ತಿನ್ನತೊಡಗಿದೆ. ಆ ಮೇಲೆ ಸರಪಣಿಯೊಡನೆ ಅವುಗಳ ಬೆಲೆಯನ್ನೂ ತೆರಬೇಕು. ನಿಮ್ಮ ಸೈಕಲ್ಲಿನಲ್ಲಿ ಇಂದೇ ಅಳೆದು ನೋಡಬಹುದು.

ಕಾಣೆಯಾದ ಆ ಹೆಬ್ಬೆರಳಿಗೆ ಪ್ಯಾರಿಸ್ಸಿನ ಸವಾರರು ತಾವಾಗಿಯೇ ಒಂದು ಬದಲನ್ನು ಕಂಡುಕೊಂಡಿದ್ದಾರೆ. ಸೈಕಲ್ಲು ಕೆಟ್ಟಿರುವುದು ಅನುಭವಕ್ಕೆ ಬಂದವನು ಅದನ್ನು ಕಟ್ಟೆಯಲ್ಲಿ ಬಿಡುವಾಗ ಸೀಟನ್ನು ಹಿಂದುಮುಂದಾಗಿ ತಿರುಗಿಸಿ ಹೋಗುತ್ತಾನೆ. ಮುಂದಿನ ಸವಾರ ದೂರದಿಂದಲೇ ನೋಡಿ ಅದನ್ನು ಬಿಟ್ಟು ಬೇರೆಯದನ್ನು ಹಿಡಿಯುತ್ತಾನೆ. ದುರಸ್ತಿಯವನಿಗೂ ಅದು ಕಣ್ಣಿಗೆ ಬೀಳುತ್ತದೆ.